ಎಪ್ಪತ್ತೆಂಟನೇ ನಂಬರು

ಜಪಾನಿನವರು ತಮ್ಮ ಬಿದಿರು ಕೊಳಲಿಗೆ ಹೆಸರಿಡುವಾಗ ಕವಿಯನ್ನು ಕೇಳಿದ ಹಾಗೆ ಕಾಣುವುದಿಲ್ಲ, ಬಡಗಿಯನ್ನು ಕೇಳಿರಬೇಕು. ಅವನು ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು, ಅಳೆದು, ‘ಒಂದು ಶಾಕು, ಎಂಟು ಸುನ್’ ಅಂದಿದ್ದಾನೆ. ಸರಿ, ಅದೇ ಇರಲಿ ಅಂತ ಇವರೂ ಬರೆದುಕೊಂಡುಬಿಟ್ಟಿದ್ದಾರೆ. ಶಾಕು ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ಅಡಿ. ಸುನ್ ಅಂದರೆ ಅದರ ಹತ್ತನೇ ಒಂದು ಪಾಲು. ಹಾಚಿ ಅಂದರೆ ಎಂಟು. ಶಾಕುಹಾಚಿ. ಇವತ್ತಿನ ಲೆಕ್ಕದಲ್ಲಿ 54.5 ಸೆಂಟಿಮೀಟರು. ಅಷ್ಟೇ ಅದರ ಅರ್ಥ, ಹಿಂದಿಲ್ಲ ಮುಂದಿಲ್ಲ.

ನಮ್ಮಲ್ಲಿ ಹೀಗೆ ಒಣಗಲು ಹೆಸರಿಟ್ಟು ಅಭ್ಯಾಸವಿಲ್ಲ. ಕೊಳಲು, ವೇಣು, ಮುರಳಿ, ವಂಶಿ, ಬಡಗಣವರ ಬಾನ್ಸುರಿ, ದಾಸರ ಬಾಯಲ್ಲಿ ಪಿಳ್ಳಂಗೋವಿ. ನಾನು ಹೈಸ್ಕೂಲಿನಲ್ಲಿ ಹಾಜರಿ ಕೂಗುತ್ತಿದ್ದ ಕಾಲದಲ್ಲಿ ಒಂದೇ ತರಗತಿಯಲ್ಲಿ ವೇಣುಗೋಪಾಲ, ಮುರಳೀಧರ, ವಂಶೀಧರ ಮೂವರೂ ಅಕ್ಕಪಕ್ಕ ಕೂತಿರುತ್ತಿದ್ದರು. ಸಿಳ್ಳೆ ಹೊಡೆಯುವುದು ಬಿಟ್ಟರೆ ಆ ಮೂವರಿಗೂ ಬೇರೆ ಸಂಗೀತ ಬರುತ್ತಿರಲಿಲ್ಲ. ಆದರೂ ಮಗನಿಗೆ ‘ಒಂದಡಿ ಎಂಟಂಗುಲ’ ಎಂದು ಹೆಸರಿಡುವ ತಂದೆ ನಮ್ಮ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ. ಜಪಾನಿನವರಿಗೆ ಅಂಕೆಯ ಬಗ್ಗೆ ಅಂಥ ಮಡಿವಂತಿಕೆ ಇಲ್ಲ. ತೀರಿಹೋದ ಯಜಮಾನನಿಗಾಗಿ ಟೋಕಿಯೊದ ಶಿಬುಯಾ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಕಾದು 1935ರಲ್ಲಿ ಸತ್ತ ಹಾಚಿಕೋ ನಾಯಿಯ ಹೆಸರೂ ಇದೇ ಹಾಚಿ. ಲೋಕವೆಲ್ಲ ಕಣ್ಣೀರು ಹಾಕಿದ ನಾಯಿಗೆ ಇಟ್ಟ ಹೆಸರು ಎಂಟು!

ಇನ್ನೊಂದು ತಮಾಷೆ. ಹೆಸರಿನಲ್ಲಿ ಎಂಟನ್ನು ಇಟ್ಟುಕೊಂಡ ಆ ಕೊಳಲಿಗೆ ಬೆರಳಿಡುವ ತೂತು ಐದೇ: ಮುಂದೆ ನಾಲ್ಕು, ಬೆನ್ನಿಗೊಂದು. ನಿಜವಾಗಿ ಎಂಟು ತೂತು ಇರುವುದು ನಮ್ಮ ಕರ್ನಾಟಕ ಸಂಗೀತದ ಕೊಳಲಿಗೆ. ಅದು ಪಾಪ, ಹೆಸರಿನಲ್ಲಿ ಎಲ್ಲೂ ಜಂಬ ಕೊಚ್ಚಿಕೊಂಡಿಲ್ಲ.

ಈ ಶಾಕುಹಾಚಿ ಗುಬ್ಬಿ ತಾಲ್ಲೂಕಿನ ಚೇಳೂರಿಗೆ ಬಂದದ್ದು ಕೀಬೋರ್ಡಿನೊಳಗೆ ಕೂತು. 1991ರಲ್ಲಿ ಅಮೆರಿಕ ಮತ್ತು ಜಪಾನಿನ ಕೀಬೋರ್ಡು ತಯಾರಕರು ಸೇರಿ, ಯಾವ ನಂಬರು ಒತ್ತಿದರೆ ಯಾವ ವಾದ್ಯದ ದನಿ ಬರಬೇಕು ಅಂತ 128 ದನಿಗಳ ಒಂದು ಪಟ್ಟಿ ಮಾಡಿಕೊಂಡರು. ಜನರಲ್ ಮಿಡಿ ಅಂತ ಅದರ ಹೆಸರು. 1 ಪಿಯಾನೊ, 41 ಪಿಟೀಲು, 105 ಸಿತಾರ್. ಊದುವ ವಾದ್ಯಗಳಲ್ಲಿ ಕೊಳಲಿನ ಕುಲದವೆಲ್ಲ ಇರುವುದು 73ರಿಂದ 80ರವರೆಗೆ. 74 ಪಾಶ್ಚಾತ್ಯರ ಫ್ಲೂಟು, 77 ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುವ ಸದ್ದು, 78 ಶಾಕುಹಾಚಿ, 79 ಸಿಳ್ಳೆ. ಬಾಟಲಿಗೂ ಒಂದು ನಂಬರು ಸಿಕ್ಕಿದೆ, ಸಿಳ್ಳೆಗೂ ಸಿಕ್ಕಿದೆ. ನಮ್ಮ ಕೊಳಲಿಗಿಲ್ಲ, ವೀಣೆಗಿಲ್ಲ, ನಾಗಸ್ವರಕ್ಕಿಲ್ಲ. 112ರಲ್ಲಿ ಶಹನಾಯಿ ಇದೆ, ಅದರ ಹೆಸರನ್ನೂ ಮೊಟಕು ಮಾಡಿ ‘ಶನಾಯ್’ ಅಂತ ಬರೆದಿದ್ದಾರೆ. ಬೇಸರ ಮಾಡಿಕೊಂಡು ಪ್ರಯೋಜನವಿಲ್ಲ. ಪಟ್ಟಿ ಬರೆಯುವ ದಿನ ತುಮಕೂರು ಜಿಲ್ಲೆಯಿಂದ ಯಾರೂ ಹೋಗಿರಲಿಲ್ಲ.

ಶಾಕುಹಾಚಿಗೆ ಅಲ್ಲಿ ಜಾಗ ಸಿಕ್ಕಿದ್ದಕ್ಕೆ ನನಗೆ ತೋಚುವ ಕಾರಣ ಒಂದಿದೆ. ಪಟ್ಟಿ ಆಗುವ ಹೊತ್ತಿಗಾಗಲೇ ಅದರ ದನಿ ಪಶ್ಚಿಮದ ಪಾಪ್ ಸಂಗೀತದಲ್ಲಿ ಮನೆಮಾತಾಗಿತ್ತು. 1986ರಲ್ಲಿ ಬಂದ ಪೀಟರ್ ಗೇಬ್ರಿಯಲ್‌ನ ‘ಸ್ಲೆಡ್ಜ್‌ಹ್ಯಾಮರ್’ ಶುರುವಾಗುವುದೇ ಎಮ್ಯುಲೇಟರ್ ಎಂಬ ಯಂತ್ರದೊಳಗೆ ಹಿಡಿದಿಟ್ಟ ಶಾಕುಹಾಚಿಯಿಂದ. ಬಿದಿರೂ ಇಲ್ಲ, ಊದುವವನೂ ಇಲ್ಲ, ಬರೀ ಉಸಿರು. ಹೆಸರು ಗೊತ್ತಿಲ್ಲದೆಯೇ ಕೋಟ್ಯಂತರ ಜನ ಅದನ್ನು ಕೇಳಿ ತಲೆದೂಗಿದರು.

ನಮ್ಮೂರಲ್ಲಿ ಗಣೇಶನ ಪೆಂಡಾಲು, ಮದುವೆಯ ಆರತಕ್ಷತೆ, ಪೌರಾಣಿಕ ನಾಟಕ, ಎಲ್ಲಕ್ಕೂ ಕೀಬೋರ್ಡು ಬಾರಿಸುವವನು ಒಬ್ಬನೇ ಹುಡುಗ. ಹಗಲು ಮೊಬೈಲು ರಿಪೇರಿ, ರಾತ್ರಿ ಸಂಗೀತ. ಊರಿನಲ್ಲಿ ಓದಲು ಬಾರದ್ದೆಲ್ಲ ನನ್ನ ಜಗಲಿಗೆ ಬರುವುದು ವಾಡಿಕೆ. ತೆಂಗಿಗೆ ಹೊಡೆಯುವ ಔಷಧಿಯ ಡಬ್ಬಿ, ಸ್ಕ್ಯಾನಿಂಗ್ ರಿಪೋರ್ಟು, ಯಾರದೋ ಸೊಸೆ ಹೊರದೇಶದಿಂದ ತಂದ ಪೊಟ್ಟಣ. ಅದು ತಲೆಗೆ ಹಚ್ಚುವುದೋ ಬಾಯಿಗೆ ಹಾಕುವುದೋ ನಾನೇ ತೀರ್ಪು ಕೊಡಬೇಕು. ಒಂದು ಸಂಜೆ ಇವನು ಕೀಬೋರ್ಡಿನ ಪಟ್ಟಿ ಹಿಡಿದುಕೊಂಡು ಬಂದ.

“ಮೇಷ್ಟ್ರೇ, ಇದೇನ್ ಓದೋದು? ಶಾಕ್ ಹಚ್ಚಿ ಅಂತ ಐತೆ. ಒತ್ತಿದ್ರೆ ಕರೆಂಟ್ ಗಿರೆಂಟ್ ಹೊಡೀತದಾ?”

“ಜಪಾನಿನ ಕೊಳಲು ಕಣಪ್ಪ.”

“ಜಪಾನ್ ಕೀಬೋರ್ಡಿನಾಗೆ ಜಪಾನ್ ಕೊಳಲು ಇಟ್ಕಂಡವ್ರೆ, ಬುಡಿ. ನಮ್ದ್ಯಾಕಿಲ್ಲ?”

“ನಾವು ಕೀಬೋರ್ಡು ಮಾಡಲಿಲ್ಲವಲ್ಲ.”

ಇದು ಅವನಿಗೆ ಸಮಾಧಾನದ ಉತ್ತರ ಅನಿಸಲಿಲ್ಲ, ನನಗೂ ಅನಿಸಲಿಲ್ಲ. ಅವನ ಜೊತೆ ಪ್ಯಾಡು ಬಾರಿಸುವ ಹುಡುಗನೂ ಬಂದಿದ್ದ. ಅವನ ನಾಲಿಗೆಯಲ್ಲಿ ಶಂಕರ ಸಂಕ್ರನಾಗುತ್ತಾನೆ, ಶಿವರಾತ್ರಿ ಸಿವರಾತ್ರಿಯಾಗುತ್ತದೆ, ಶಾಕುಹಾಚಿ ಮಾತ್ರ ಹೇಗೆ ತಪ್ಪಿಸಿಕೊಂಡೀತು? ‘ಸಾಕು ಹಚ್ಚಿ’ ಅಂದ. ನಮ್ಮ ಬೀದಿಯಲ್ಲಿ ಹೆಸರು ಹಾಗೇ ನಿಂತಿತು. ಮುಸ್ಸಂಜೆಯಲ್ಲಿ ಹರಟುತ್ತ ಕೂತ ಸೊಸೆಗೆ ಅತ್ತೆ ದೀಪ ಹಚ್ಚಲು ಹೇಳುತ್ತಿದ್ದಾಳೆ ಎನ್ನುವ ಧಾಟಿ.

ನಾವೇ ಕೆಡಿಸಿದೆವು ಎಂದು ಸಂಕೋಚಪಡಬೇಕಾಗಿಲ್ಲ. ರಷ್ಯನ್ನರು ಅವರ ಲಿಪಿಯಲ್ಲಿ ಇದನ್ನು ‘ಸ್ಯಾಕುಹಾತಿ’ ಅಂತಲೇ ಬರೆಯುತ್ತಾರೆ. ಶಕಾರದ ವಿಷಯದಲ್ಲಿ ಚೇಳೂರೂ ಮಾಸ್ಕೋವೂ ಒಂದೇ ಅಭಿಪ್ರಾಯಕ್ಕೆ ಬಂದಿವೆ. ಹಿಂದಿ ಬಲ್ಲವರ ಕಿವಿಗೆ ಅದರ ಕೊನೆಯಲ್ಲಿ ಒಂದು ಆನೆಯೂ ನಿಂತಿರುತ್ತದೆ. ಜಪಾನಿನವರೇ ರೋಮನ್ ಅಕ್ಷರದಲ್ಲಿ ಬರೆಯುವುದಕ್ಕೆ ಎರಡು ಪದ್ಧತಿ ಇಟ್ಟುಕೊಂಡಿದ್ದಾರೆ. ಒಂದರಲ್ಲಿ ಬರೆದರೆ ಶಾಕುಹಾಚಿ, ಇನ್ನೊಂದರಲ್ಲಿ ಬರೆದದ್ದನ್ನು ನಮ್ಮ ಹುಡುಗ ಕಂಡ ಹಾಗೆ ಓದಿದರೆ ಅದೂ ಸ್ಯಾಕುಹಾತಿಯೇ. ಜರ್ಮನರು ಸೀನಿದಾಗ ಬರುವ ಸದ್ದನ್ನು ‘ಹಾಚಿ’ ಎಂದೇ ಬರೆಯುವುದರಿಂದ, ಅವರಿಗೆ ಈ ಕೊಳಲಿನ ಹೆಸರು ಪೂರ್ತಿ ಹೇಳುವಷ್ಟರಲ್ಲಿ ಕರವಸ್ತ್ರ ಬೇಕಾಗಬಹುದು. ಇನ್ನು ಚೀನಾದವರು. ಬಡಗಿ ನಿಜವಾಗಿ ಅವರ ಪೈಕಿ. ಕೊಳಲೂ ಹೆಸರೂ ಜಪಾನಿಗೆ ಹೋದದ್ದು ಅಲ್ಲಿಂದಲೇ. ಅದೇ ಎರಡು ಅಕ್ಷರಗಳನ್ನು ಅವರು ‘ಛಿಬಾ’ ಎಂದು ಓದುತ್ತಾರೆ. ಎಂಟನೇ ಶತಮಾನದಲ್ಲಿ ಹೀಗೆ ಬಂದಿಳಿದ ಕೊಳಲುಗಳು ಜಪಾನಿನ ನಾರಾ ಪಟ್ಟಣದ ಶೋಸೋಇನ್ ಭಂಡಾರದಲ್ಲಿ ಈಗಲೂ ಇವೆ. ಅವಕ್ಕೆ ಆರು ತೂತು. ಅಂದರೆ ದಾರಿಯಲ್ಲಿ ಒಂದು ತೂತು ಮುಚ್ಚಿಹೋಯಿತು, ಹೆಸರು ಮಾತ್ರ ಸವೆಯಲಿಲ್ಲ.

ವಾದ್ಯವೇ ಬದಲಾಗಿಹೋದದ್ದೂ ಉಂಟು. ರಾಬರ್ಟ್ ಬ್ರೌನಿಂಗ್‌ನ ಪದ್ಯದಲ್ಲಿ ಹ್ಯಾಮೆಲಿನ್ ಊರಿನ ಇಲಿಗಳನ್ನು ಎಳೆದೊಯ್ದವನು ಊದಿದ್ದು ಪೈಪು. ಕುವೆಂಪು ಅವನನ್ನು ತುಂಗೆಯ ದಂಡೆಗೆ ಕರೆತಂದು ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನಾಗಿ ಮಾಡಿದಾಗ ಅವನ ಕೈಗೆ ಬಂದದ್ದು ತಂತಿಯ ಕಿಂದರಿ. ಒಂದು ಇಲಿಯೂ ತಕರಾರು ತೆಗೆಯಲಿಲ್ಲ. ನಮ್ಮ ಮಕ್ಕಳೂ ತೆಗೆಯಲಿಲ್ಲ.

ಶಾಕುಹಾಚಿಯ ಹಿಂದೆ ಬಿದ್ದ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಶಾಕು. ಅದು ಮೊದಲಿಗೆ ಮನುಷ್ಯನ ಕೈಯಲ್ಲೇ ಇದ್ದದ್ದಂತೆ: ಹೆಬ್ಬೆರಳ ತುದಿಯಿಂದ ನಡುಬೆರಳ ತುದಿಯವರೆಗೆ, ಸುಮಾರು 18 ಸೆಂಟಿಮೀಟರು. ನಮ್ಮ ಗೇಣು, ಚೋಟುಗಳ ದಾಯಾದಿ. ಶತಮಾನಗಳು ಕಳೆದಂತೆ ಮನುಷ್ಯನ ಕೈ ಇದ್ದ ಹಾಗೇ ಇತ್ತು, ಶಾಕು ಮಾತ್ರ ಉದ್ದವಾಗುತ್ತ ಹೋಯಿತು. ಕೊನೆಗೆ 1891ರಲ್ಲಿ ಜಪಾನಿನ ಸರ್ಕಾರ ಮೀಟರನ್ನು 33 ಪಾಲು ಮಾಡಿ ಅದರಲ್ಲಿ 10 ಪಾಲು ಶಾಕುವಿಗೆ ಎಂದು ಕಾನೂನು ಮಾಡಿ ಕಟ್ಟಿಹಾಕಿತು. 30.3 ಸೆಂಟಿಮೀಟರು, ಇನ್ನು ಬೆಳೆಯುವ ಹಾಗಿಲ್ಲ.

ಚೇಳೂರಿನಲ್ಲಿ ಇದರ ಉಲ್ಟಾ. ನಮ್ಮ ಹೂವಿನಮ್ಮನ ಮೊಳ ನನ್ನ ಮದುವೆಯ ಕಾಲದಲ್ಲಿ ನಡುಬೆರಳಿನಿಂದ ಹೊರಟು ಮೊಣಕೈ ದಾಟಿ, ಒಂದಷ್ಟು ಮಲ್ಲಿಗೆ ಕೊಸರಿಗೂ ಬೀಳುತ್ತಿತ್ತು. ಈಗ ಅದು ಬಳೆ ಇರುವ ಕಡೆಯೇ ಸುಸ್ತಾಗಿ ನಿಂತುಬಿಡುತ್ತದೆ. ಕೇಳಿದರೆ, “ಕೈ ಅದೇ ಅಲ್ವಾ ಮೇಷ್ಟ್ರೇ?” ಎಂದು ಕೈಯನ್ನೇ ಮುಂದೆ ಚಾಚುತ್ತಾಳೆ. ಕೈ ಅದೇ. ವಾದ ಮಾಡುವ ಹಾಗಿಲ್ಲ. 1956ರ ಕಾಯಿದೆ ಸೇರು, ಪಾವು, ಚಟಾಕುಗಳನ್ನು ಅಂಗಡಿಯಿಂದ ಅಟ್ಟಿತು. ನಮ್ಮಮ್ಮ ಮಾತ್ರ ಕಡೆಯವರೆಗೂ ಪಾವಿನಲ್ಲೇ ಅಕ್ಕಿ ಅಳೆದರು. ಹೂವಿನಮ್ಮನ ಮೊಳದ ತಂಟೆಗೆ ಹೋಗುವ ಧೈರ್ಯ ಯಾವ ಇನ್‌ಸ್ಪೆಕ್ಟರಿಗೂ ಬರಲಿಲ್ಲ. ನಮ್ಮ ಹಲಸಿನ ಸಂತೆಯಲ್ಲಂತೂ ಅಳತೆಗೋಲೂ ಇಲ್ಲ, ತಕ್ಕಡಿಯೂ ಇಲ್ಲ. ಸುಗ್ಗಿಯಲ್ಲಿ ಹೊರರಾಜ್ಯದ ಲಾರಿಗಳು ಸಾಲು ನಿಂತಿರುತ್ತವೆ. ವ್ಯಾಪಾರಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳ ಗೆಣ್ಣಿನಿಂದ ಹಣ್ಣನ್ನು ತಟ್ಟಿ, ತಲೆ ಓರೆ ಮಾಡಿ ಕಿವಿಗೊಡುತ್ತಾನೆ. ಟಣ್ ಅಂದರೆ ಇನ್ನೂ ಕಾಯಿ, ಡೊಬ್ ಅಂದರೆ ಹಣ್ಣು. ಅಷ್ಟು ಶ್ರುತಿಜ್ಞಾನ ನನಗಿದ್ದಿದ್ದರೆ ನಾನು ಸಮಾಜ ವಿಜ್ಞಾನದ ಮೇಷ್ಟ್ರಾಗುತ್ತಿರಲಿಲ್ಲ.

ಅಳತೆಯ ಹೆಸರಿಗೆ ಒಂದು ತೊಂದರೆ ಇದೆ. ಶಾಕುಹಾಚಿಯನ್ನು ಬೇರೆ ಬೇರೆ ಶ್ರುತಿಗೆ ಬೇರೆ ಬೇರೆ ಉದ್ದದಲ್ಲಿ ಮಾಡುತ್ತಾರೆ. ಒಂದು ಶಾಕು ಆರು ಸುನ್ನಿನದೂ ಇದೆ, ಎರಡು ಶಾಕುವಿನದೂ ಇದೆ, ಅದಕ್ಕಿಂತ ಉದ್ದದ್ದೂ ಇದೆ. ಎಲ್ಲಕ್ಕೂ ಹೆಸರು ‘ಒಂದು ಶಾಕು ಎಂಟು’ ಎಂದೇ. ಗುಬ್ಬಿಯಿಂದ ನಮ್ಮೂರಿಗೆ ಬರುತ್ತಿದ್ದ ಐದೂವರೆ ಬಸ್ಸಿನ ಹಾಗೆ. ಅದು ಆರೂವರೆಗೆ ಬರಲಿ, ಏಳಕ್ಕೆ ಬರಲಿ, ಒಂದು ದಿನ ಬಾರದೆಯೇ ಇರಲಿ, ಐದೂವರೆ ಬಸ್ಸೇ. “ಐದೂವರೆ ಬಸ್ಸು ಏಳು ಗಂಟೆಗೆ ಬಂತು” ಎಂದರೆ ಅದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ನಮ್ಮವರಾದರೆ ಅಳತೆ ಬಿಟ್ಟು ಮನುಷ್ಯನ ಹೆಸರಿಡುತ್ತಾರೆ. ಚೇಳೂರಿನ ಹೆಸರನ್ನು ಈಚೆಗೆ ದೂರದೂರಕ್ಕೆ ಒಯ್ದದ್ದು ‘ಸಿದ್ದು ಹಲಸು’. ಎಸ್.ಎಸ್. ಪರಮೇಶ ಅವರ ತೋಟದ ಒಂದು ಮರ. ಎರಡೂವರೆ ಕೇಜಿಯ ಆಸುಪಾಸಿನ ಪುಟ್ಟ ಹಣ್ಣು, ತಾಮ್ರಗೆಂಪು ತೊಳೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಇವರೊಡನೆ ಒಪ್ಪಂದ ಮಾಡಿಕೊಂಡು ಕಸಿ ಗಿಡಗಳಿಗೆ ದಾರಿ ಮಾಡಿದರು. ಹೆಸರು ಬಂದದ್ದು ಮರ ನೆಟ್ಟ ತಂದೆ ಸಿದ್ದಪ್ಪನವರಿಂದ. ಶಾಕುಹಾಚಿಯ ಬಡಗಿಯನ್ನು ಕರೆಸಿದ್ದರೆ ಅದು ‘ಎರಡೂವರೆ ಕೇಜಿ’ ಆಗಿರುತ್ತಿತ್ತು, ಕಸಿ ಗಿಡಕ್ಕೆ ಅಷ್ಟು ಜನ ಸಾಲು ನಿಲ್ಲುತ್ತಿದ್ದರೋ ಇಲ್ಲವೋ.

ಹುಡುಗ ಮೊಬೈಲಿನಲ್ಲಿ ಶಾಕುಹಾಚಿ ನುಡಿಸುವುದನ್ನು ಹುಡುಕಿ ಅವರಜ್ಜಿಗೆ ತೋರಿಸಿದ. ನಾನೂ ಅಲ್ಲೇ ಇದ್ದೆ. ಪರದೆಯ ಮೇಲೆ ಒಬ್ಬ ಭಿಕ್ಷು, ತಲೆ ಪೂರ್ತಿ ಮುಚ್ಚುವ ಬುಟ್ಟಿಯನ್ನು ಕವುಚಿಕೊಂಡು, ಬೇರಿನ ಕಡೆ ದಪ್ಪಗಿರುವ ಬಿದಿರನ್ನು ನೆಟ್ಟಗೆ ಕೆಳಮುಖವಾಗಿ ಹಿಡಿದು ಊದುತ್ತಿದ್ದ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

“ಊದುಗೊಳವೆ ಅಲ್ವೇನ್ಲಾ ಇದು?”

“ಕೊಳಲು ಅಜ್ಜಿ, ಜಪಾನಿಂದು.”

“ಯಾವ್ ದೇಸದ್ದಾದ್ರೇನು, ಒಲೆ ಊದ್ತಾವ್ನೆ. ಹೊಗೆ ಕಣ್ಣಿಗೆ ಬೀಳ್‌ದಂಗೆ ಮಂಕ್ರಿ ಬೇರೆ ಹಾಕ್ಕಂಡವ್ನೆ. ಬುದ್ಧಿವಂತ. ನಮ್ಗಿದು ಹೊಳೀಲೇ ಇಲ್ವಲ್ಲ, ಹಸೀ ಸೌದೇಲಿ ಊದೀ ಊದೀ ಕಣ್ಣೇ ಹೋಯ್ತು.”

ಆ ಭಿಕ್ಷುಗಳಿಗೆ ಕೊಮುಸೊ ಎನ್ನುತ್ತಾರೆ, ಶೂನ್ಯದ ಸಂನ್ಯಾಸಿಗಳು. ಫುಕೆ ಎಂಬ ಜೆನ್ ಪಂಥದವರು. ಅಹಂಕಾರ ಅಳಿಯಲಿ ಎಂದು ಮುಖ ಮುಚ್ಚಿಕೊಂಡು ಊರೂರು ಅಲೆಯುತ್ತಿದ್ದರು. ಅವರ ಪಾಲಿಗೆ ಕೊಳಲು ಊದುವುದು ಸಂಗೀತವಲ್ಲ, ಧ್ಯಾನ. ಮುಖ ಕಾಣದ ವೇಷವಾದ್ದರಿಂದ ಗೂಢಚಾರರೂ ಅದರೊಳಗೆ ಸೇರಿಕೊಂಡಿದ್ದರು ಎಂಬ ಮಾತಿದೆ, ದಪ್ಪ ಬುಡದ ಕೊಳಲು ಸಮಯ ಬಿದ್ದರೆ ದೊಣ್ಣೆಯೂ ಆಗುತ್ತಿತ್ತು ಎಂಬ ಮಾತೂ ಇದೆ. 1871ರಲ್ಲಿ ಮೇಜಿ ಸರ್ಕಾರ ಪಂಥವನ್ನೇ ರದ್ದುಮಾಡಿತು. ಕೊಳಲು ಸಂಗೀತಗಾರರ ಕೈಯಲ್ಲಿ ಉಳಿದುಕೊಂಡಿತು. ಬುಟ್ಟಿಗೆ ಅವರ ಭಾಷೆಯಲ್ಲಿ ‘ತೆಂಗೈ’ ಎನ್ನುತ್ತಾರೆ. ತೆಂಗಿನ ಸೀಮೆಯವರಾದ ನಮಗೆ ಈ ಮಾತು ಅರ್ಧ ಅರ್ಥವಾದಂತೆ ಅನಿಸಿ ಪೂರ್ತಿ ಮೋಸವಾಗುತ್ತದೆ. ಇನ್ನು ಆ ಕೊಳಲನ್ನು ಕಲಿಯುವ ಕಷ್ಟದ ಬಗ್ಗೆ ಅಲ್ಲೊಂದು ಗಾದೆ: ಕತ್ತು ಆಡಿಸುವುದಕ್ಕೆ ಮೂರು ವರ್ಷ ಎಂದು. ಕತ್ತನ್ನು ತಗ್ಗಿಸಿ, ಎತ್ತಿ, ಸ್ವರವನ್ನು ಇಳಿಸಿ ಏರಿಸುವುದೇ ಆ ವಾದ್ಯದ ಗುಟ್ಟು. ನಮ್ಮ ರಾಮನವಮಿ ಕಚೇರಿಗಳ ಮುಂದಿನ ಸಾಲಿನವರು ಬಂದು ಕೂತ ಕ್ಷಣದಿಂದಲೇ ಕತ್ತು ಆಡಿಸುತ್ತಾರೆ, ಪಿಟೀಲಿನವನು ಇನ್ನೂ ಶ್ರುತಿ ಮಾಡಿಕೊಳ್ಳುತ್ತಿರುತ್ತಾನೆ.

ನಮ್ಮದು ಗುಬ್ಬಿ ಸೀಮೆ. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡನ್ನೆಲ್ಲ ಸುತ್ತಿತು. ಕಂಪನಿ ಹೋಯಿತು, ಹುಚ್ಚು ಉಳಿಯಿತು. ಈಗಲೂ ಸುಗ್ಗಿ ಮುಗಿದರೆ ಒಂದಲ್ಲ ಒಂದು ಊರಿನಲ್ಲಿ ರಾತ್ರಿಯಿಡೀ ‘ಕುರುಕ್ಷೇತ್ರ’. ಪಾತ್ರ ಬೇಕಾದವರು ದುಡ್ಡು ಕೊಟ್ಟು ಪಾತ್ರ ಹಿಡಿಯಬೇಕು. ದುರ್ಯೋಧನನಿಗೂ ಕೃಷ್ಣನಿಗೂ ರೇಟು ಜಾಸ್ತಿ. ಶಕುನಿ ಮಧ್ಯಮ. ವಿದುರನಿಗೆ ಯಾರಾದರೂ ಒಪ್ಪಿದರೆ ಸಾಕು, ಊಟ ಹಾಕಿ ಕರೆತರುತ್ತಾರೆ. ಆ ವರ್ಷ ಕೃಷ್ಣನನ್ನು ಹಿಡಿದವರು ಒಬ್ಬ ಕೊಬ್ಬರಿ ವ್ಯಾಪಾರಿ. ಶರೀರ ಸ್ವಲ್ಪ ಭೀಮನ ಕಡೆಯದು, ಶಾರೀರ ಮಾತ್ರ ಖಣಿಯಾದದ್ದು, ಕಪ್ಪು ಎರಡರಲ್ಲಿ ನಿರಾಯಾಸವಾಗಿ ಹಾಡುತ್ತಾರೆ. ದುಡ್ಡು ಕೊಟ್ಟಿದ್ದೇನೆ, ನನ್ನ ಪ್ರವೇಶಕ್ಕೆ ಕೊಳಲು ಭರ್ಜರಿಯಾಗಿರಬೇಕು ಎಂದು ಹುಡುಗನಿಗೆ ತಾಕೀತು ಮಾಡಿದ್ದರು.

ಹುಡುಗ ತಾಲೀಮಿನಲ್ಲಿ 74 ಒತ್ತಿ ನೋಡಿದ. ಸೂಟುಬೂಟು ಹಾಕಿಕೊಂಡ ಕೃಷ್ಣ ಬಂದ ಹಾಗಾಯಿತು. 79 ಒತ್ತಿದರೆ ಪಡ್ಡೆ ಹುಡುಗರು ಹೊಡೆಯುವ ಸಿಳ್ಳೆಗೂ ಅದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಡೆಗೆ 78ಕ್ಕೆ ಬಂದು ನಿಂತ.

ನಾಟಕದ ರಾತ್ರಿ ಪರದೆ ಸರಿಯಿತು. ನೀಲಿ ಬಣ್ಣ, ನವಿಲುಗರಿ, ಅಡ್ಡ ಹಿಡಿದ ಹಿತ್ತಾಳೆ ಬಣ್ಣದ ಕೊಳಲು. ಅದರಿಂದ ಹೊರಟದ್ದು ಜಪಾನಿನ ಸನ್ಯಾಸಿಯ ನೆಟ್ಟನೆ ಕೊಳಲಿನ ದನಿ. ಮೊದಲು ಸುಯ್ಯೆಂದು ಗಾಳಿ, ಆಮೇಲೆ ಅದರೊಳಗಿಂದ ಸ್ವರ. ಶಾಕುಹಾಚಿಯಲ್ಲಿ ಆ ಗಾಳಿಯನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ, ಒರಟಾಗಿ ಉಸಿರು ನುಗ್ಗಿಸಿ ಊದುವುದಕ್ಕೆ ‘ಮುರಾಇಕಿ’ ಅಂತ ಹೆಸರೇ ಇದೆ. ನಮ್ಮ ಚಾಪೆಯ ಗ್ಯಾಲರಿಗೆ ಇದೆಲ್ಲ ಎಲ್ಲಿ ಗೊತ್ತು? ಹಿಂದಿನಿಂದ ಒಬ್ಬ ಕೂಗಿದ: “ಕೃಷ್ಣನ ಕೊಳಲಿಗೆ ನೆಗಡಿ ಆಗೈತೆ, ಮೆಣಸಿನ ಕಷಾಯ ಕೊಡ್ರಪ್ಪೋ!” ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೃಷ್ಣ ಪರಮಾತ್ಮ ರಂಗದ ಮೇಲಿಂದಲೇ ಕೀಬೋರ್ಡಿನ ಕಡೆಗೆ ಕಣ್ಣು ಕೆಂಪಗೆ ಮಾಡಿದರು.

ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಒಬ್ಬ ಯಜಮಾನ ಕೂತಿದ್ದರು, ಹತ್ತಿರದ ಗೊಲ್ಲರಹಟ್ಟಿಯವರು. ಅವರು ನಗಲಿಲ್ಲ. ಬೀಡಿ ಆರಿಸಿ, “ಇದು ನಮ್ಮ ಗಣೆ ಇದ್ದಂಗೈತಲ್ಲ” ಅಂದರು. ಸ್ವಲ್ಪ ಹೊತ್ತು ಬಿಟ್ಟು, ನೆಗಡಿ ಎಂದು ಕೂಗಿದವನ ದಿಕ್ಕಿಗೆ ತಿರುಗಿ, “ಕೃಷ್ಣನೂ ದನ ಕಾದೋನೇ ಅಲ್ವೇನಪ್ಪ? ಬಿಸಿಲಾಗೆ ದನದ ಹಿಂದೆ ಓಡಿ ಬಂದು ಊದಿದ್ರೆ ಉಸ್ರು ಕೇಳ್ದೆ ಇನ್ನೇನ್ ಕೇಳ್ತದೆ?” ಅಂದರು.

ಗಣೆ ಎಂದರೆ ತುಮಕೂರು, ಚಿತ್ರದುರ್ಗ ಸೀಮೆಯ ಕಾಡುಗೊಲ್ಲರ ಬಿದಿರು ಕೊಳಲು. ಮಾಮೂಲು ಕೊಳಲಿಗಿಂತ ಬಲು ಉದ್ದ. ಅವರ ಸಾಂಸ್ಕೃತಿಕ ವೀರ ಜುಂಜಪ್ಪ, ದನಗಾಹಿ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ನೆಲೆ. ಅವನ ಕತೆಯನ್ನು ಹಟ್ಟಿಗಳಲ್ಲಿ ರಾತ್ರಿಯೆಲ್ಲ ಹಾಡುವಾಗ ಜೊತೆಗೆ ನುಡಿಯಬೇಕಾದದ್ದು ಗಣೆಯೇ. ತೀ.ನಂ. ಶಂಕರನಾರಾಯಣ ಅವರಂಥ ವಿದ್ವಾಂಸರು ಕಾಡುಗೊಲ್ಲರ ನಡೆನುಡಿಗಳನ್ನು ಹಟ್ಟಿ ಹಟ್ಟಿ ತಿರುಗಿ ಬರೆದಿಟ್ಟಿದ್ದಾರೆ. ನಾನು ಮಾತ್ರ ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದು, ನಾರಾ ಪಟ್ಟಣದ ಭಂಡಾರದಲ್ಲಿ ಏನಿದೆ ಎಂದು ಓದಿಕೊಂಡಿದ್ದೆ, ಮೂರು ಮೈಲಿ ಆಚೆಯ ಹಟ್ಟಿಯ ಜಂತೆಯಲ್ಲಿ ಏನಿದೆ ಎಂದು ನೋಡಿರಲಿಲ್ಲ. ಮೇಷ್ಟ್ರುಗಳ ಓದು ಹೆಚ್ಚಾಗಿ ಹೀಗೇ.

ಒಂದು ಮಧ್ಯಾಹ್ನ ಹುಡುಗನ ಬೈಕಿನಲ್ಲಿ ಹಟ್ಟಿಗೆ ಹೋದೆವು. ಯಜಮಾನರು ಕೈಕಾಲು ತೊಳೆದು ಬಂದು, ಜಂತೆಯಿಂದ ಬಟ್ಟೆ ಸುತ್ತಿದ ಗಣೆಯನ್ನು ಇಳಿಸಿದರು. ಬಿದಿರು ಹೊಗೆ ಹಿಡಿದು ಕಡುಕಂದು ಬಣ್ಣಕ್ಕೆ ತಿರುಗಿತ್ತು. ಬೆರಳು ಆಡುವ ಜಾಗ ಮಾತ್ರ ಸವೆದು ಬೇರೆ ಬಣ್ಣ. ಒಂದು ಕಡೆ ಸೀಳು ಬಿಟ್ಟಿದ್ದಕ್ಕೆ ದಾರ ಸುತ್ತಿ ಬಿಗಿದಿದ್ದರು. ಎಲ್ಲಿಯ ಬಿದಿರು ಅಂದೆ. ಅವರಪ್ಪ ತಂದದ್ದಂತೆ, ಎಲ್ಲಿಂದ ಅಂತ ಕೇಳಿಕೊಳ್ಳಲಿಲ್ಲವಂತೆ. “ಕೇಳ್ಬೇಕಾಗಿತ್ತು,” ಅಂದರು, “ಇಂಥ ಬಿದ್ರು ಈಗ ಸಿಗಾಕಿಲ್ಲ. ಸಿಕ್ರೂ ಊದೋರಿಲ್ಲ. ಮೊಮ್ಮಗಂಗೆ ಕಲಿ ಅಂದ್ರೆ ದಮ್ಮಿಲ್ಲ ತಾತ ಅಂತಾನೆ. ದಿನಾ ಜಿಮ್ಮಿಗೆ ಹೋಗ್ತಾನೆ.”

ಊದಿದರು. ಅವರ ವಯಸ್ಸಿಗೆ ಗಾಳಿ ಹೆಚ್ಚು, ಸ್ವರ ಕಡಿಮೆ. ನಡುವೆ ನಿಲ್ಲಿಸಿ ಕೆಮ್ಮಿದರು, ಮತ್ತೆ ಊದಿದರು. ಹುಡುಗ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡ. ದಾರಿಯಲ್ಲಿ ಬರುತ್ತ, ಇದನ್ನೇ ಹಾಕಿ ಒಂದು ಟೋನ್ ಮಾಡಲಾಗುತ್ತದಾ ಮೇಷ್ಟ್ರೇ ಅಂತ ಕೇಳಿದ. ಆಗುತ್ತದಂತೆ, ಅಂಥ ಕೀಬೋರ್ಡಿಗೆ ಲಕ್ಷದ ಮೇಲಂತೆ. ಅದನ್ನು ಅವನೇ ಹೇಳಿ ಅವನೇ ಸುಮ್ಮನಾದ.

ಮಾರನೆಯ ವಾರ ಅವನ ಅಂಗಡಿಗೆ ಹೋದಾಗ ನೋಡಿದೆ. ಕೀಬೋರ್ಡಿನ ಮೇಲೆ ಬಿಳಿ ಸ್ಟಿಕ್ಕರು ಅಂಟಿಸಿ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದ: 78 – ಗಣೆ. ಅಲ್ಲಿಂದ ಈ ಸೀಮೆಯಲ್ಲಿ ಶಾಕುಹಾಚಿಗೆ ಅದೇ ಹೆಸರು. ಗುಬ್ಬಿಯ ಆರ್ಕೆಸ್ಟ್ರಾದವರೊಬ್ಬರು ಅವನ ಕೀಬೋರ್ಡು ಬಾಡಿಗೆಗೆ ಒಯ್ದು, ಗಣೆ ಅಂದರೇನಯ್ಯ ಎಂದು ಕೇಳಿದರಂತೆ. ಜಪಾನಿಂದು ಸಾರ್ ಅಂದನಂತೆ ಇವನು. ಹಟ್ಟಿಯ ಯಜಮಾನರಿಗೆ ಈ ವಿಷಯ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಜಪಾನಿನಾಗೂ ದನ ಇರ್ತಾವಲ್ಲ ಅಂದರು.

ಈಗ ಒಂದು ಹೊಸ ಫಜೀತಿ. ಹುಡುಗ ಸಾಲ ಮಾಡಿ ಹೊಸ ಕೀಬೋರ್ಡು ತಂದಿದ್ದಾನೆ. ಅದರಲ್ಲಿ ಆರುನೂರು ಚಿಲ್ಲರೆ ಟೋನುಗಳು, ಕಂಪನಿಯವರು ತಮ್ಮ ಸ್ವಂತದವನ್ನೆಲ್ಲ ಮೊದಲಿಗಿಟ್ಟು ಹಳೆಯ 128ನ್ನು ಎಲ್ಲೋ ಹಿಂದಕ್ಕೆ ತಳ್ಳಿದ್ದಾರೆ. 78 ಒತ್ತಿದರೆ ಯಾವುದೋ ಗಿಟಾರು ಕಿರುಚುತ್ತದೆ. ಪಟ್ಟಿಯ ಪುಸ್ತಕದ ಅಕ್ಷರ ಸಾಸಿವೆಗಿಂತ ಸಣ್ಣದು. ನನ್ನ ಜಗಲಿಯ ಮೇಲೆ ಕೂತು ಅವನು ಒತ್ತುತ್ತಾನೆ, ನಾನು ಕನ್ನಡಕ ಒರೆಸಿಕೊಂಡು ಓದುತ್ತೇನೆ, ಇನ್ನೂ ಸಿಕ್ಕಿಲ್ಲ. ಬೇಗ ಸಿಗಬೇಕು. ಕೊಬ್ಬರಿ ವ್ಯಾಪಾರಿ ಈ ವರ್ಷವೂ ಕೃಷ್ಣನನ್ನು ಹಿಡಿದು ಅಡ್ವಾನ್ಸು ಕೊಟ್ಟು ಹೋಗಿದ್ದಾರೆ. ಕಳೆದ ಸಲ ಜನ ಅಷ್ಟು ನಕ್ಕದ್ದರಿಂದಲೇ ತಮ್ಮ ಪ್ರವೇಶ ಸುತ್ತ ಹತ್ತೂರಿನಲ್ಲಿ ಮಾತಾಯಿತು ಎನ್ನುವುದು ಅವರಿಗೆ ಆಮೇಲೆ ಹೊಳೆದಿದೆ. ಹೋದ ಸಲದ ನೆಗಡಿಯೇ ಆಗಬೇಕಂತೆ, ಬೇರೆ ಬೇಡವಂತೆ.